ಕಾರ್ಖಾನೆಯೊಳಗಿನ ಮಾತಿಗೆ ಹೊಣೆ ಯಾರು?

ದಾವಣಗೆರೆಯಿಂದ ಹರಿಹರದವರೆಗಿನ ಅಂಗಡಿ, ಗೋದಾಮು, ಕಾರ್ಖಾನೆಗಳ ನಾಮಫಲಕಗಳ ಬಗ್ಗೆ ಈಚಿನ ವರ್ಷಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಗೆ ತಂದ ತಿದ್ದುಪಡಿಯಂತೆ ಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕೆಂಬ ನಿಯಮ ಬಂದಾಗ ಹೊಸ ಫಲಕದ ಖರ್ಚು, ಅಕ್ಷರದ ಅಳತೆ, ಗಡುವು ಮುಂತಾದ ಎಲ್ಲ ವಿಷಯಗಳೂ ವರ್ತಕರ ನಡುವೆ ಚರ್ಚೆಗೆ ಬಂದವು. ಆದರೆ ಅದೇ ಉದ್ಯಮದ ಒಳಗೆ, ಟೈಂ ಆಫೀಸಿನ ಪಕ್ಕದಲ್ಲಿ ತೂಗುಹಾಕಿರುವ ಇನ್ನೊಂದು ಫಲಕದ ಬಗ್ಗೆ ಯಾರೂ ಮಾತನಾಡಲಿಲ್ಲ. ಅನೇಕ ಕಡೆ ಆ ನೋಟಿಸ್ ಬೋರ್ಡಿನಲ್ಲಿ ಇರುವುದು ಹಳೆಯ ರಜಾಪಟ್ಟಿ, ಬಿಸಿಲಿಗೆ ಮಾಸಿದ ಒಂದು ಇಂಗ್ಲಿಷ್ ಸುತ್ತೋಲೆ ಮತ್ತು ಹೋದ ವರ್ಷದ ಆಯುಧಪೂಜೆಯ ಚಂದಾ ವಿವರ.

ಹೊರಗಿನ ಫಲಕ ಗಿರಾಕಿಗಾಗಿ ಇರುವುದು. ಒಳಗಿನ ಫಲಕ ಕೆಲಸಗಾರನಿಗಾಗಿ ಇರುವುದು. ಈ ಎರಡನೆಯದನ್ನು ಬರೆಯುವವರು ಯಾರು, ಓದಲು ಬಾರದವನಿಗೆ ಓದಿ ಹೇಳುವವರು ಯಾರು, ಕೇಳಿದವನ ಮನಸ್ಸಿನಲ್ಲಿ ಹುಟ್ಟಿದ ಸಂಶಯವನ್ನು ಮಾಲೀಕರವರೆಗೆ ಮುಟ್ಟಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಬಹುಪಾಲು ಸಣ್ಣ ಉದ್ಯಮಗಳಲ್ಲಿ ನಿಶ್ಚಿತವಾದ ಉತ್ತರವಿಲ್ಲ. ಉತ್ತರವಿಲ್ಲದಿರುವುದರ ಬೆಲೆಯನ್ನು ಮಾತ್ರ ಉದ್ಯಮಿಗಳು ಪ್ರತಿ ತಿಂಗಳೂ ತೆರುತ್ತಿದ್ದಾರೆ. ಹೇಳದೆ ಕೇಳದೆ ಬಿಟ್ಟುಹೋಗುವ ನುರಿತ ಕೆಲಸಗಾರ, ಎರಡು ಪಾಳಿಗಳ ನಡುವೆ ತಪ್ಪಿಹೋದ ಸೂಚನೆಯಿಂದ ತಿರಸ್ಕೃತವಾದ ಮಾಲು, ಬೋನಸ್ಸಿನ ಹೊತ್ತಿಗೆ ಎದ್ದ ಅನವಶ್ಯಕ ಗದ್ದಲ ಇವೆಲ್ಲವೂ ಆ ಬೆಲೆಯ ಬೇರೆ ಬೇರೆ ರೂಪಗಳು.

ಹೆಸರಿಲ್ಲದ ಹುದ್ದೆ

ಬೆಂಗಳೂರು, ಮುಂಬಯಿಗಳ ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆ ‘ಆಂತರಿಕ ಸಂವಹನ’ ಎಂಬ ಹೆಸರಿದೆ. ಅದಕ್ಕೊಂದು ವಿಭಾಗ, ಒಬ್ಬ ಮುಖ್ಯಸ್ಥ, ವಾರ್ಷಿಕ ಅನುದಾನ ಇರುತ್ತದೆ. ಸಂಸ್ಥೆಯ ನಿರ್ಧಾರಗಳನ್ನು ಸಿಬ್ಬಂದಿಗೆ ತಿಳಿಸುವುದು, ಸಿಬ್ಬಂದಿಯ ಅಭಿಪ್ರಾಯಗಳನ್ನು ಆಡಳಿತಕ್ಕೆ ತಿಳಿಸುವುದು, ಗೃಹಪತ್ರಿಕೆಯನ್ನು ಹೊರತರುವುದು ಆ ವಿಭಾಗದ ಹೊಣೆ. ಐವತ್ತು ಜನ ದುಡಿಯುವ ಫೌಂಡ್ರಿಯಲ್ಲಿ, ಮೂವತ್ತು ಜನರಿರುವ ಅಕ್ಕಿ ಗಿರಣಿಯಲ್ಲಿ, ಹದಿನೈದು ಜನರಿರುವ ಬಟ್ಟೆ ಅಂಗಡಿಯಲ್ಲಿ ಇಂತಹ ವಿಭಾಗ ಇರಲು ಸಾಧ್ಯವಿಲ್ಲ, ಇರಬೇಕಾಗಿಯೂ ಇಲ್ಲ.

ಆದರೆ ವಿಭಾಗವಿಲ್ಲದ ಮಾತ್ರಕ್ಕೆ ಕೆಲಸವಿಲ್ಲವೆಂದಲ್ಲ. ಪಾಳಿ ಬದಲಾದುದನ್ನು ಯಾರೋ ಒಬ್ಬರು ಹೇಳಲೇಬೇಕು. ಬಟವಾಡೆ ಎರಡು ದಿನ ತಡವಾಗುವುದಾದರೆ ಅದನ್ನೂ ಯಾರೋ ಹೇಳಬೇಕು. ಸಣ್ಣ ಉದ್ಯಮಗಳಲ್ಲಿ ಈ ಹೊರೆ ಬೀಳುವುದು ಹಾಜರಿ ಬರೆಯುವ ಗುಮಾಸ್ತನ ಮೇಲೆ, ಹಿರಿಯ ಮೇಸ್ತ್ರಿಯ ಮೇಲೆ, ಕೆಲವೊಮ್ಮೆ ಮಾಲೀಕರ ತಮ್ಮನ ಮೇಲೆ. ಎ.ಪಿ.ಎಂ.ಸಿ. ಪ್ರಾಂಗಣದ ದಲಾಲಿ ಅಂಗಡಿಯಲ್ಲಿ ಹಮಾಲರಿಗೂ ಸಾಹುಕಾರರಿಗೂ ನಡುವೆ ಮಾತು ಸಾಗಿಸುವವನು ಲೆಕ್ಕ ಬರೆಯುವವನೇ. ಅವರಿಗೆ ಈ ಕೆಲಸವನ್ನು ಯಾರೂ ವಹಿಸಿಲ್ಲ; ಇದಕ್ಕೆ ಸಮಯ ಕೊಟ್ಟಿಲ್ಲ; ಯಾವ ವಿಷಯವನ್ನು ಹೇಳಬಹುದು, ಯಾವುದನ್ನು ಹೇಳಬಾರದು ಎಂದು ತಿಳಿಸಿಲ್ಲ. ತಪ್ಪಾದಾಗ ಮಾತ್ರ ಎರಡೂ ಕಡೆಯವರು ಅವರನ್ನೇ ಹಿಡಿದು ಕೇಳುತ್ತಾರೆ.

ಈ ಕೆಲಸವನ್ನು ಗುರುತಿಸಿ, ಒಬ್ಬರ ಹೆಸರಿಗೆ ಬರೆದು, ಅದಕ್ಕೆ ದಿನದಲ್ಲಿ ಇಷ್ಟು ಹೊತ್ತು ಎಂದು ಬಿಡುವು ಕೊಟ್ಟು, ಆ ವ್ಯಕ್ತಿಗೆ ಮಾಲೀಕರ ಬಾಗಿಲು ನೇರವಾಗಿ ತೆರೆದಿರುವಂತೆ ಮಾಡುವುದು ಇಂದಿನ ಸಣ್ಣ ಉದ್ಯಮದ ಅಗತ್ಯ. ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಇದು ಅಗ್ಗ, ಹಾಗೆಂದು ಸುಲಭವಲ್ಲ.

ಗಿರಣಿಯ ಗೇಟಿನ ಪಾಠ

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದಲ್ಲಿ ಊರಿನ ದಿನಚರಿ ಗಿರಣಿಗಳ ಪಾಳಿಗೆ ಹೊಂದಿಕೊಂಡಿತ್ತು. ಸೈರನ್ನಿನ ಕೂಗು ಪಾಳಿಯ ಹೊತ್ತನ್ನು ತಿಳಿಸುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಕಾರ್ಮಿಕ ತಿಳಿಯುತ್ತಿದ್ದುದು ಗಿರಣಿಯ ಗೇಟಿನ ಮುಂದೆ. ಸಂಬಳದ ಪರಿಷ್ಕರಣೆ, ಬೋನಸ್ಸಿನ ಮಾತುಕತೆ, ಕೆಲಸದ ಹೊರೆ ಇವೆಲ್ಲವೂ ಗೇಟ್ ಮೀಟಿಂಗಿನಲ್ಲಿ ಕಾರ್ಮಿಕ ಸಂಘದ ಬಾಯಿಂದ ಅವನ ಕಿವಿಗೆ ಬೀಳುತ್ತಿದ್ದವು. ಕಾರ್ಮಿಕ ನಾಯಕರಾಗಿದ್ದ ಪಂಪಾಪತಿಯವರು 1978, 1983 ಮತ್ತು 1985ರಲ್ಲಿ ದಾವಣಗೆರೆಯಿಂದ ವಿಧಾನಸಭೆಗೆ ಆಯ್ಕೆಯಾದುದರ ಹಿಂದೆ ಇಂತಹ ಗೇಟುಗಳ ಮುಂದೆ ಬೆಳೆದ ನಂಬಿಕೆಯ ಪಾಲು ಸಣ್ಣದಲ್ಲ. ಕಾರ್ಮಿಕರ ಭಾಷೆಯಲ್ಲಿ, ಅವರಿಗೆ ಬೇಕಾದ ವಿಷಯವನ್ನು, ಬೇಕಾದ ಹೊತ್ತಿನಲ್ಲಿ ಹೇಳುವವರ ಮಾತನ್ನು ಊರು ನಂಬುತ್ತದೆ ಎಂಬುದು ಅದರಿಂದ ಸಿಗುವ ಪಾಠ. ಉದ್ಯಮ ತಾನು ಒಳಗೆ ಹೇಳದಿದ್ದುದನ್ನು ಗೇಟಿನ ಹೊರಗೆ ಮತ್ತೊಬ್ಬರು ಹೇಳುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹರಿಹರದ ಅನುಭವ ಇನ್ನೊಂದು ಬಗೆಯದು. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ತುಂಗಭದ್ರೆಯ ದಡದ ಈ ಊರು ಯಂತ್ರೋಪಕರಣಗಳ ಊರೆನಿಸಿತು. ಆ ಉದ್ಯಮ ಸಮೂಹದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲಿನ ತಯಾರಿಕೆಗೆ ಇಳಿದು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದವರು. ಕಾರ್ಖಾನೆ ನೆಲೆಗೊಂಡ ಹತ್ತು ವರ್ಷಗಳಲ್ಲಿಯೇ, 1920ರಲ್ಲಿ, ಅಲ್ಲಿಂದ ‘ಕಿರ್ಲೋಸ್ಕರ್ ಖಬರ್’ ಎಂಬ ಮರಾಠಿ ಗೃಹಪತ್ರಿಕೆ ಹೊರಟಿತು. ಖಬರ್ ಎಂದರೆ ಸುದ್ದಿ. ಅದನ್ನು ನಡೆಸಿದವರು ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್ ಕಿರ್ಲೋಸ್ಕರರು. ಮುಂದೆ ಅದೇ ಪತ್ರಿಕೆ ‘ಕಿರ್ಲೋಸ್ಕರ್’ ಎಂಬ ಹೆಸರಿನಲ್ಲಿ ಮರಾಠಿಯ ಪ್ರಮುಖ ಮಾಸಪತ್ರಿಕೆಯಾಗಿ ಬೆಳೆಯಿತು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶ ಪತ್ರಿಕೆಯ ಖ್ಯಾತಿಯಲ್ಲ. ನೇಗಿಲು ಮಾಡುವ ಒಂದು ಕಾರ್ಖಾನೆ ತನ್ನ ಸುದ್ದಿಯನ್ನು ತಾನೇ ಹೇಳಬೇಕೆಂದು ನೂರು ವರ್ಷಗಳ ಹಿಂದೆಯೇ ಮನಗಂಡಿತ್ತು. ಆ ಕೆಲಸವನ್ನು ಮನೆತನದವರೇ, ಅಂದರೆ ಆಡಳಿತಕ್ಕೆ ಅತ್ಯಂತ ಹತ್ತಿರದವರೇ ವಹಿಸಿಕೊಂಡರು. ಒಳಗಿನ ಮಾತನ್ನು ಸಾಗಿಸುವವನು ಮಾಲೀಕರಿಂದ ದೂರವಿದ್ದರೆ ಅವನ ಕೈಗೆ ಸಿಗುವುದು ಎಂಜಲು ಸುದ್ದಿ ಮಾತ್ರ.

ದಾವಣಗೆರೆಯ ಜವಳಿ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಆರಂಭದ ಹೊತ್ತಿಗೆ ಹರಿಹರದ ಆ ಕಾರ್ಖಾನೆಯೂ ಬಾಗಿಲು ಮುಚ್ಚಿತು. ಇವುಗಳ ಕಾರಣಗಳು ಮಾರುಕಟ್ಟೆಯಲ್ಲಿ, ಬಂಡವಾಳದಲ್ಲಿ, ತಂತ್ರಜ್ಞಾನದಲ್ಲಿ ಇದ್ದವು. ಒಳ್ಳೆಯ ಮಾತಿನಿಂದ ಮಾತ್ರ ಯಾವ ಗಿರಣಿಯೂ ಉಳಿಯುತ್ತಿರಲಿಲ್ಲ. ಆದರೆ ಆ ನೆನಪು ಊರಿನಲ್ಲಿ ಉಳಿದಿದೆ. ಅಂದಿನ ಕಾರ್ಮಿಕರ ಮಕ್ಕಳಲ್ಲಿ ಕೆಲವರು ಇಂದು ಯಂತ್ರದ ಮುಂದೆ ನಿಂತಿದ್ದಾರೆ, ಕೆಲವರು ತಾವೇ ಸಣ್ಣ ವರ್ಕ್‌ಶಾಪುಗಳ ಒಡೆಯರಾಗಿದ್ದಾರೆ. ಹೀಗಾಗಿ ‘ಆರ್ಡರ್ ಕಡಿಮೆಯಾಗಿದೆಯಂತೆ’ ಎಂಬ ಒಂದು ಮಾತು ಈ ಅವಳಿ ಊರುಗಳಲ್ಲಿ ಬೇರೆಡೆಗಿಂತ ಬೇಗ ಭಯ ಹುಟ್ಟಿಸುತ್ತದೆ. ಇಲ್ಲಿನ ಉದ್ಯಮಿಗೆ ಮೌನ ಇನ್ನಷ್ಟು ದುಬಾರಿ.

ನಡುವೆ ನಿಂತವನ ಕಷ್ಟಗಳು

ಈ ಕೆಲಸಕ್ಕೆ ನಿಂತವನ ಮೊದಲ ಕಷ್ಟವೆಂದರೆ ಎರಡು ಕಡೆಯ ಸಂಶಯ. ಕಾರ್ಮಿಕರು ಅವನನ್ನು ಮಾಲೀಕರ ಕಡೆಯವನೆನ್ನುತ್ತಾರೆ. ಮಾಲೀಕರು ಕಾರ್ಮಿಕರ ವಕೀಲನೆನ್ನುತ್ತಾರೆ. ಹರಿಹರೇಶ್ವರನ ವಿಗ್ರಹದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಭಕ್ತರು ಅದನ್ನು ಒಪ್ಪಿದ್ದಾರೆ. ಕಾರ್ಖಾನೆಯಲ್ಲಿ ಒಬ್ಬ ಮನುಷ್ಯ ಹಾಗೆ ನಿಲ್ಲುವುದನ್ನು ಒಪ್ಪಲು ಎರಡು ಕಡೆಯವರಿಗೂ ಕಾಲ ಬೇಕಾಗುತ್ತದೆ. ಒಂದು ಸಲ ಸುಳ್ಳು ಹೇಳಿಸಿದರೆ ಆ ಒಪ್ಪಿಗೆ ಮತ್ತೆ ಸಿಗುವುದಿಲ್ಲ. ‘ಸಂಬಳ ನಾಳೆ ಆಗುತ್ತದೆ’ ಎಂದು ಅವನ ಬಾಯಿಂದ ಹೇಳಿಸಿ, ಒಂದು ವಾರ ತಡಮಾಡಿದ ಮಾಲೀಕರು ಕಳೆದುಕೊಳ್ಳುವುದು ಆ ವಾರದ ವಿಶ್ವಾಸವನ್ನಷ್ಟೇ ಅಲ್ಲ. ಮುಂದೆ ಅವನು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಎರಡನೆಯದು, ಕೆಟ್ಟ ಸುದ್ದಿಯ ಹೊತ್ತು. ಉದಾಹರಣೆಗೆ, ಹರಿಹರದಲ್ಲಿ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕಕ್ಕೆ ಹೊರ ರಾಜ್ಯದ ಗಿರಾಕಿಯಿಂದ ಬರುತ್ತಿದ್ದ ಆರ್ಡರ್ ಅರ್ಧಕ್ಕೆ ಇಳಿಯಿತೆಂದು ಭಾವಿಸಬಹುದು. ಕಚ್ಚಾಮಾಲಿನ ಲಾರಿ ಬರುವುದು ನಿಂತಾಗಲೇ ಕೆಲಸಗಾರರಿಗೆ ಅದು ಗೊತ್ತಾಗುತ್ತದೆ. ಮಾಲೀಕರು ‘ಇನ್ನೂ ನಿರ್ಧಾರವಾಗಿಲ್ಲ, ಈಗಲೇ ಹೇಳುವುದು ಬೇಡ’ ಎನ್ನುತ್ತಾರೆ. ಹದಿನೈದು ದಿನಗಳ ಆ ಮೌನದಲ್ಲಿ ಚಹದ ಅಂಗಡಿಯಲ್ಲಿ ಕಾರ್ಖಾನೆ ಮಾರಾಟವಾಗುತ್ತದೆ, ಪಾಳಿ ರದ್ದಾಗುತ್ತದೆ, ಅರ್ಧ ಜನ ಮನೆಗೆ ಹೋಗುತ್ತಾರೆ. ಬೇರೆಡೆ ಕೆಲಸ ಸಿಗುವ ಸಾಮರ್ಥ್ಯವಿರುವವರೇ, ಅಂದರೆ ಅತ್ಯಂತ ನುರಿತವರೇ, ಮೊದಲು ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಎರಡು ತಿಂಗಳ ನಂತರ ಆರ್ಡರ್ ಮರಳಿದಾಗ ಯಂತ್ರಗಳಿರುತ್ತವೆ, ಅವುಗಳನ್ನು ಬಲ್ಲವರು ಇರುವುದಿಲ್ಲ. ನಿರ್ಧಾರವಾಗದಿದ್ದರೆ ‘ನಿರ್ಧಾರವಾಗಿಲ್ಲ, ಇಂತಹ ದಿನ ತಿಳಿಸಲಾಗುವುದು’ ಎಂದು ಹೇಳುವುದೂ ಒಂದು ಸುದ್ದಿಯೇ. ಅದನ್ನು ಹೇಳಲು ಮಾಲೀಕರನ್ನು ಒಪ್ಪಿಸುವುದು ಈ ಕೆಲಸದ ಅತಿ ಕಠಿಣ ಭಾಗ.

ಮೂರನೆಯದು ಭಾಷೆ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಸೂಚನೆ ಅರ್ಥವಾಗುವುದಿಲ್ಲ. ‘ಆಡಳಿತಾತ್ಮಕ ಕಾರಣಗಳ ನಿಮಿತ್ತ ಮುಂದಿನ ಆದೇಶದವರೆಗೆ ಅಧಿಕಾವಧಿ ಕಾರ್ಯವನ್ನು ಸ್ಥಗಿತಗೊಳಿಸಲಾಗಿದೆ’ ಎಂಬ ವಾಕ್ಯ ಶುದ್ಧ ಕನ್ನಡವೇ. ಆದರೆ ಓದಿದವನಿಗೆ ಉಳಿಯುವುದು ಹೆದರಿಕೆ ಮಾತ್ರ. ಅದನ್ನೇ ಹೀಗೆ ಬರೆಯಬಹುದು: ‘ಸೋಮವಾರದಿಂದ ಓ.ಟಿ. ಇರುವುದಿಲ್ಲ. ಈ ತಿಂಗಳು ಆರ್ಡರ್ ಅರ್ಧ ಬಂದಿರುವುದೇ ಕಾರಣ. ಯಾರನ್ನೂ ಕೆಲಸದಿಂದ ತೆಗೆಯುವ ಯೋಚನೆ ಇಲ್ಲ. ಮುಂದಿನ ತಿಂಗಳ 5ನೇ ತಾರೀಖು ಮತ್ತೆ ತಿಳಿಸುತ್ತೇವೆ. ಸಂಶಯವಿದ್ದವರು ಊಟದ ಹೊತ್ತಿನಲ್ಲಿ ಟೈಂ ಆಫೀಸಿನಲ್ಲಿ ಕೇಳಿರಿ.’ ಇದರಲ್ಲಿ ಏನು, ಏಕೆ, ಎಲ್ಲಿಯವರೆಗೆ, ಯಾರನ್ನು ಕೇಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರವಿದೆ. ಇದನ್ನು ಬರೆಯಲು ಪಾಂಡಿತ್ಯ ಬೇಕಿಲ್ಲ. ಕಾರಣವನ್ನು ಬಿಚ್ಚಿಹೇಳುವ ಧೈರ್ಯ ಬೇಕು.

ಇದರೊಡನೆ ಮನೆಯಲ್ಲಿ ಉರ್ದು ಆಡುವವರು, ತೆಲುಗು ಆಡುವವರು, ಉತ್ತರ ಭಾರತದಿಂದ ಬಂದು ಹಿಂದಿ ಮಾತ್ರ ಬಲ್ಲವರು ಒಂದೇ ಛಾವಣಿಯ ಕೆಳಗೆ ದುಡಿಯುವ ಘಟಕಗಳಿವೆ. ಓದಲು ಬಾರದವರೂ ಇದ್ದಾರೆ. ಭಟ್ಟಿಯ ಮುಂದೆ, ಪ್ರೆಸ್ಸಿನ ಮುಂದೆ ಅಪಾಯದ ಸೂಚನೆಯೊಂದು ಅರ್ಥವಾಗದೆ ಹೋದರೆ ಹೋಗುವುದು ಬೆರಳು ಅಥವಾ ಜೀವ. ಇಂತಹ ಕಡೆ ಬರೆದು ಅಂಟಿಸಿದರೆ ಕೆಲಸ ಮುಗಿಯುವುದಿಲ್ಲ. ಎದುರಿಗೆ ನಿಂತು ಹೇಳಿ, ಕೇಳಿದವನ ಬಾಯಿಂದ ಅದನ್ನು ಮತ್ತೆ ಹೇಳಿಸಿದಾಗ ಮಾತ್ರ ಸೂಚನೆ ಮುಟ್ಟಿದಂತೆ.

ನಾಲ್ಕನೆಯದು ವಾಟ್ಸ್‌ಆ್ಯಪ್ ಗುಂಪು. ಇಂದು ಬಹುತೇಕ ಅಂಗಡಿ, ಕಾರ್ಖಾನೆಗಳಲ್ಲಿ ಅದೇ ನೋಟಿಸ್ ಬೋರ್ಡು. ಅದು ವೇಗವಾದದ್ದು, ಖರ್ಚಿಲ್ಲದ್ದು. ಅಕ್ಷರ ಬಾರದವರಿಗೆ ಧ್ವನಿಸಂದೇಶ ಕಳುಹಿಸುವ ಅನುಕೂಲವೂ ಇದೆ. ಆದರೆ ನೀಲಿ ಗುರುತು ಬಿದ್ದರೆ ಸಂದೇಶ ತೆರೆದದ್ದು ಖಚಿತವೇ ಹೊರತು ತಿಳಿದದ್ದು ಖಚಿತವಲ್ಲ. ರಾತ್ರಿ ಹನ್ನೊಂದಕ್ಕೆ ಮಾಲೀಕರು ಸಿಟ್ಟಿನಲ್ಲಿ ಹಾಕಿದ ಒಂದು ಸಾಲು ಬೆಳಗಾಗುವುದರೊಳಗೆ ಪಕ್ಕದ ಘಟಕದವರಿಗೂ ಮುಟ್ಟಿರುತ್ತದೆ. ಹೊಗಳಿಕೆಯನ್ನು ಗುಂಪಿನಲ್ಲಿ ಹೇಳಬಹುದು. ಬೈಗುಳವನ್ನು, ಸಂಬಳದ ವಿಷಯವನ್ನು, ಕೆಲಸದಿಂದ ತೆಗೆಯುವ ಮಾತನ್ನು ಅಲ್ಲಿ ಆಡಬಾರದೆಂಬ ವಿವೇಕವನ್ನು ಮಾಲೀಕರಿಗೆ ನೆನಪಿಸುವುದೂ ಈ ಕೆಲಸಗಾರನ ಪಾಲಿಗೆ ಬರುತ್ತದೆ.

ಕೊನೆಯದು, ಈ ದುಡಿಮೆ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ಮಾರಾಟಗಾರ ತಂದ ಆರ್ಡರನ್ನು ಎಣಿಸಬಹುದು. ನಡೆಯದೆ ಹೋದ ಜಗಳವನ್ನು, ಬಿಟ್ಟುಹೋಗದೆ ಉಳಿದ ಕೆಲಸಗಾರನನ್ನು ಎಣಿಸುವವರು ಯಾರು? ಚೆನ್ನಾಗಿ ನಡೆದಷ್ಟೂ ಕೆಲಸ ಅದೃಶ್ಯವಾಗುತ್ತದೆ. ಖರ್ಚು ಕಡಿಮೆ ಮಾಡುವ ಹೊತ್ತಿನಲ್ಲಿ ಮೊದಲು ಕೈಬಿಡುವುದೂ ಇಂತಹ ಕೆಲಸವನ್ನೇ.

ಮೌನದ ಬೆಲೆ: ಎರಡು ಘಟನೆಗಳು

ಮೌನದ ಬೆಲೆ ಎಷ್ಟಾಗಬಹುದೆಂಬುದಕ್ಕೆ ರಾಜ್ಯದಲ್ಲಿಯೇ ಎರಡು ನಿದರ್ಶನಗಳಿವೆ. 2016ರ ಫೆಬ್ರವರಿ 10ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದಂತೆ ನಿಯಮ ಬದಲಿಸಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೆದ್ದಾರಿಗೆ ಇಳಿದರು. ಸರ್ಕಾರ 19ರಂದೇ ಆ ನಿಯಮವನ್ನು ಕೈಬಿಟ್ಟಿತು. ನಿಯಮ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆ ಮಹಿಳೆಯರ ಸಿಟ್ಟಿಗೆ ನ್ಯಾಯವಾದ ಕಾರಣವೂ ಇತ್ತು. ಉದ್ಯಮಿಗಳು ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಆ ಎರಡು ತಿಂಗಳಲ್ಲಿ ತನ್ನ ಉಳಿತಾಯಕ್ಕೆ ಏನಾಗುತ್ತದೆಂದು ತಿಳಿಯಬಯಸಿದ ಹೊಲಿಗೆ ಯಂತ್ರದ ಮುಂದಿನ ಹೆಣ್ಣುಮಗಳು ಕಾರ್ಖಾನೆಯೊಳಗೆ ಯಾರನ್ನು ಕೇಳಬಹುದಾಗಿತ್ತು? ಕೇಳಿದ ಪ್ರಶ್ನೆಯನ್ನು ಮೇಲಕ್ಕೆ ಸಾಗಿಸುವವರು ಇದ್ದಿದ್ದರೆ ಅದು ರಸ್ತೆಗೆ ಬರುವ ಮೊದಲೇ ಉದ್ಯಮ ಸಂಘಗಳ ಮೂಲಕ ದೆಹಲಿಗೆ ಮುಟ್ಟಲು ಅವಕಾಶವಿತ್ತು.

ಎರಡನೆಯದು 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿದ್ದ ವಿಸ್ಟ್ರಾನ್ ಕಂಪನಿಯ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆ. ಕಾರ್ಮಿಕರ ಸಂಖ್ಯೆ ಅಲ್ಪಕಾಲದಲ್ಲಿ ಹತ್ತು ಸಾವಿರ ದಾಟಿದರೂ ಅದಕ್ಕೆ ತಕ್ಕ ಮಾನವ ಸಂಪನ್ಮೂಲ ವ್ಯವಸ್ಥೆ ಇರಲಿಲ್ಲ, ಹಾಜರಿ ದಾಖಲಿಸುವ ಯಂತ್ರದ ದೋಷ ಸರಿಹೋಗಿರಲಿಲ್ಲ, ವೇತನ ಪಾವತಿಯಲ್ಲಿ ಲೋಪಗಳಿದ್ದವು ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಕಂಡುಕೊಂಡಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ ಅಥವಾ ಸಕಾಲದಲ್ಲಿ ವೇತನ ಸಂದಿರಲಿಲ್ಲವೆಂದು ಒಪ್ಪಿ ಕಂಪನಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಸಂಬಳದ ಲೆಕ್ಕ ತಪ್ಪಾದ ಮೊದಲ ತಿಂಗಳಲ್ಲಿಯೇ ‘ತಪ್ಪಾಗಿದೆ, ಇಂತಹ ದಿನ ಸರಿಯಾಗುತ್ತದೆ’ ಎಂದು ಹೇಳಿ, ಹೇಳಿದಂತೆ ನಡೆದುಕೊಂಡಿದ್ದರೆ ಅಸಮಾಧಾನ ಅಷ್ಟು ದೂರ ಸಾಗುತ್ತಿರಲಿಲ್ಲ. ಮಾತು ಮಾತ್ರ ಸಾಲದು ಎಂಬ ಪಾಠವೂ ಇಲ್ಲಿದೆ. ಬಾಕಿಯನ್ನು ಕೊಡದೆ ಸಮಾಧಾನದ ಸುತ್ತೋಲೆ ಅಂಟಿಸುವುದು ಸಂವಹನವಲ್ಲ.

ಕಾನೂನು ಕೇಳುವುದು ಕನಿಷ್ಠವನ್ನು

ಕಾರ್ಮಿಕನಿಗೆ ತಿಳಿಸುವುದು ಮಾಲೀಕರ ಔದಾರ್ಯವಲ್ಲ, ಕರ್ತವ್ಯ ಎಂಬುದನ್ನು ಕಾನೂನು ಬಹಳ ಹಿಂದೆಯೇ ಒಪ್ಪಿದೆ. ಸ್ಥಾಯೀ ಆದೇಶಗಳ ಕುರಿತ 1946ರ ಕಾಯಿದೆ ಹಾಗೂ 1948ರ ಕಾರ್ಖಾನೆಗಳ ಕಾಯಿದೆ ಎರಡೂ, ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರವೇಶದ್ವಾರದ ಬಳಿ ಇರಬೇಕೆಂದು ವಿಧಿಸಿದ್ದವು. 1984ರ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳ ವಿವರವನ್ನು ಕಾರ್ಮಿಕರಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಸ್ಥಳದಲ್ಲಿ ಆಂತರಿಕ ಸಮಿತಿ ಇರಬೇಕು. ಅದರ ವಿವರ ಎಲ್ಲರಿಗೂ ಕಾಣುವಂತೆ ಪ್ರಕಟವಾಗಿರಬೇಕು. ಇದು ಅಂಗಡಿಗಳಿಗೂ ಅನ್ವಯಿಸುತ್ತದೆ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಹಳೆಯ ಅನೇಕ ಕಾಯಿದೆಗಳ ಸ್ಥಾನವನ್ನು ಅವು ಪಡೆದಿವೆ. ಅವುಗಳಲ್ಲಿ ಸಣ್ಣ ಉದ್ಯಮಿಗಳು ಮುಖ್ಯವಾಗಿ ಗಮನಿಸಬೇಕಾದದ್ದು, ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಘಟಕದಲ್ಲಿ ಇರಬೇಕಾದ ಕುಂದುಕೊರತೆ ಪರಿಹಾರ ಸಮಿತಿ. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು. ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಮಾತ್ರ ಹಾಳೆಯ ಮೇಲೆ ಸಮಿತಿ ರಚಿಸುವುದು ಸುಲಭ. ಅದನ್ನೇ ತಿಂಗಳಿಗೊಮ್ಮೆ ನಿಜವಾಗಿ ಸೇರಿಸಿದರೆ ಕಾನೂನಿನ ಪಾಲನೆಯೂ ಆಗುತ್ತದೆ, ಕೆಳಗಿನ ಮಾತು ಮೇಲಕ್ಕೇರಲು ಏಣಿಯೂ ಸಿಗುತ್ತದೆ.

ದೊರೆಯುವ ಫಲ

ಇಷ್ಟೆಲ್ಲ ಕಷ್ಟಗಳ ನಡುವೆಯೂ ಈ ಕೆಲಸವನ್ನು ಮನಸ್ಸಿಟ್ಟು ಮಾಡಿದವರಿಗೆ ದೊರೆಯುವ ಫಲ ಸಣ್ಣದಲ್ಲ. ಉದ್ಯಮದ ದೃಷ್ಟಿಯಿಂದ ನೋಡಿದರೆ, ಯಂತ್ರದ ಮುಂದೆ ನಿಂತವನಿಗೆ ಗೊತ್ತಿರುವಷ್ಟು ಯಂತ್ರದ ಬಗ್ಗೆ ಮಾಲೀಕರಿಗೆ ಗೊತ್ತಿರುವುದಿಲ್ಲ. ಯಾವ ಬೇರಿಂಗ್ ಸದ್ದು ಮಾಡುತ್ತಿದೆ, ಯಾವ ಗೋಣಿಚೀಲ ಲಾರಿಗೆ ಏರಿಸುವಾಗಲೇ ಹರಿಯುತ್ತದೆ, ಯಾವ ಗಿರಾಕಿ ಅಂಗಡಿಯಿಂದ ಮುಖ ಸಿಂಡರಿಸಿಕೊಂಡು ಹೋದ ಎಂಬುದು ಮೊದಲು ತಿಳಿಯುವುದು ಕೆಲಸಗಾರನಿಗೆ. ಅವನು ಹೇಳುವುದಿಲ್ಲ, ಏಕೆಂದರೆ ಹಿಂದೆ ಹೇಳಿದ್ದು ಎಲ್ಲಿಗೂ ಮುಟ್ಟಲಿಲ್ಲ. ಮುಟ್ಟಿತೆಂಬ ನಂಬಿಕೆ ಒಮ್ಮೆ ಹುಟ್ಟಿದರೆ ಸಲಹೆಗಳು ತಾವಾಗಿಯೇ ಬರುತ್ತವೆ.

ಆ ಕೆಲಸಕ್ಕೆ ನಿಂತ ವ್ಯಕ್ತಿಗೆ ಸಿಗುವ ಫಲ ಇನ್ನೊಂದು ತೆರನದು. ಇಡೀ ಉದ್ಯಮವನ್ನು ಮೇಲಿನಿಂದಲೂ ಕೆಳಗಿನಿಂದಲೂ ಏಕಕಾಲಕ್ಕೆ ನೋಡುವ ಅವಕಾಶ ಅವನೊಬ್ಬನಿಗೇ ಇರುತ್ತದೆ. ಹಾಜರಿ ಬರೆಯುತ್ತಿದ್ದ ಗುಮಾಸ್ತ ಕೆಲವೇ ವರ್ಷಗಳಲ್ಲಿ ಖರೀದಿ, ಉತ್ಪಾದನೆ, ಗಿರಾಕಿಯ ಬೇಡಿಕೆ ಎಲ್ಲವನ್ನೂ ಬಲ್ಲ ವ್ಯವಸ್ಥಾಪಕನಾಗಿ ಬೆಳೆಯಲು ಇದಕ್ಕಿಂತ ಒಳ್ಳೆಯ ತರಬೇತಿ ಬೇರೊಂದಿಲ್ಲ. ಅದಕ್ಕೂ ಮಿಗಿಲಾಗಿ, ‘ಅವರು ಹೇಳಿದರೆ ಸರಿ, ಅದು ನಿಜವೇ ಇರುತ್ತದೆ’ ಎಂಬ ಮಾತನ್ನು ಸಹೋದ್ಯೋಗಿಗಳಿಂದ ಗಳಿಸುವುದು ಯಾವ ಬಡ್ತಿಗೂ ಕಡಿಮೆಯಲ್ಲ.

ಸಣ್ಣ ಉದ್ಯಮಕ್ಕೆ ಸಾಧ್ಯವಾದದ್ದು

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಒಬ್ಬರನ್ನು ಹೆಸರಿಸಬೇಕು. ಅವರು ಹೊಸಬರಾಗಬೇಕಿಲ್ಲ; ಎರಡು ಕಡೆಯವರೂ ಗೌರವಿಸುವ ಹಳಬರಾದರೆ ಒಳ್ಳೆಯದು. ದಿನಕ್ಕೆ ಅರ್ಧ ಗಂಟೆಯನ್ನಾದರೂ ಈ ಕೆಲಸಕ್ಕೆಂದೇ ಬಿಟ್ಟುಕೊಟ್ಟು, ಅದಕ್ಕೆ ತಕ್ಕ ಭತ್ಯೆ ಕೊಡಬೇಕು. ಎರಡನೆಯದಾಗಿ, ಪಾಳಿಯ ಆರಂಭದಲ್ಲಿ ಐದು ನಿಮಿಷ ನಿಂತು ಮಾತನಾಡುವ ರೂಢಿ ಬರಬೇಕು. ಇಂದಿನ ಕೆಲಸ, ನಿನ್ನೆಯ ತಪ್ಪು, ಎಚ್ಚರಿಕೆಯ ಒಂದು ಮಾತು ಇಷ್ಟು ಸಾಕು. ಮೂರನೆಯದಾಗಿ, ನೋಟಿಸ್ ಬೋರ್ಡನ್ನು ವಾರಕ್ಕೊಮ್ಮೆ ಖಾಲಿ ಮಾಡಬೇಕು. ಹಳೆಯ ಹಾಳೆಗಳ ನಡುವೆ ಹೊಸದು ಕಾಣುವುದಿಲ್ಲ. ಪ್ರತಿ ಸೂಚನೆಯಲ್ಲಿಯೂ ಕಾರಣ, ದಿನಾಂಕ, ಕೇಳಬೇಕಾದವರ ಹೆಸರು ಇರಬೇಕು. ನಾಲ್ಕನೆಯದಾಗಿ, ಕಾರ್ಮಿಕರು ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಒಂದು ಪುಸ್ತಕದಲ್ಲಿ ಬರೆದು ವಾರದೊಳಗೆ ಉತ್ತರಿಸಬೇಕು. ‘ಆಗುವುದಿಲ್ಲ’ ಎಂಬುದೂ ಉತ್ತರವೇ. ಕಾರಣ ಹೇಳಿದರೆ ಅದನ್ನು ಬಹುಪಾಲು ಜನ ಒಪ್ಪುತ್ತಾರೆ.

ಇದಕ್ಕೆ ಬರುವ ಆಕ್ಷೇಪಣೆಗಳೂ ಉಂಟು. ‘ಇದು ಮನೆಯಂತಹ ಉದ್ಯಮ, ಎಲ್ಲರೂ ಎಲ್ಲವನ್ನೂ ಬಲ್ಲರು’ ಎನ್ನುವ ಹಿರಿಯ ವರ್ತಕರಿದ್ದಾರೆ. ಹತ್ತು ಜನರಿದ್ದಾಗ ಅದು ನಿಜವಾಗಿತ್ತು. ಎರಡನೆಯ ಪಾಳಿ ಆರಂಭವಾದ ದಿನದಿಂದ ಮಾಲೀಕರ ಮುಖವನ್ನೇ ಕಾಣದ ಕೆಲಸಗಾರರಿರುತ್ತಾರೆ. ವ್ಯಾಪಾರದ ಗುಟ್ಟು ಬಯಲಾಗುವುದೆಂಬ ಅಂಜಿಕೆಯೂ ಇದೆ. ಖರೀದಿ ದರ, ಗಿರಾಕಿಯ ಒಪ್ಪಂದ, ಸಾಲದ ವಿವರ ಮುಂತಾದವುಗಳನ್ನು ಯಾರೂ ಬೋರ್ಡಿಗೆ ಅಂಟಿಸಬೇಕಿಲ್ಲ. ಕೆಲಸಗಾರನು ಕೇಳುವುದು ಅದನ್ನಲ್ಲ. ತನ್ನ ಪಾಳಿ, ತನ್ನ ಸಂಬಳ, ತನ್ನ ಸುರಕ್ಷತೆ, ನಾಳೆ ಕೆಲಸವಿದೆಯೇ ಎಂಬುದನ್ನು. ಇನ್ನು ಮಾತನಾಡಲು ಬಿಟ್ಟರೆ ಬೇಡಿಕೆಗಳು ಹೆಚ್ಚುತ್ತವೆ ಎಂಬ ವಾದ. ಬೇಡಿಕೆಗಳು ಹೇಗೂ ಇರುತ್ತವೆ. ಅವು ಪುಸ್ತಕದಲ್ಲಿ ಬರೆದಿಟ್ಟ ಪ್ರಶ್ನೆಯಾಗಿ ಬರಬೇಕೋ, ಹಬ್ಬದ ಮುಂಚಿನ ದಿನ ಗೇಟಿನ ಮುಂದಿನ ಗದ್ದಲವಾಗಿ ಬರಬೇಕೋ ಎಂಬುದಷ್ಟೇ ಮಾಲೀಕರ ಕೈಯಲ್ಲಿರುವ ಆಯ್ಕೆ.

ಒಬ್ಬೊಬ್ಬರೇ ಮಾಡಲಾಗದ್ದನ್ನು ಸಂಘಟಿತವಾಗಿ ಮಾಡಬಹುದು. ದಾವಣಗೆರೆ ಮತ್ತು ಹರಿಹರದ ಘಟಕಗಳಿಂದ ಒಬ್ಬೊಬ್ಬರನ್ನು ಕರೆಸಿ ಸರಳ ಕನ್ನಡದಲ್ಲಿ ಸೂಚನೆ ಬರೆಯುವುದು, ಹೊಸ ಸಂಹಿತೆಗಳನ್ನು ಕಾರ್ಮಿಕರಿಗೆ ವಿವರಿಸುವುದು, ಕುಂದುಕೊರತೆ ಸಮಿತಿಯ ಸಭೆ ನಡೆಸುವುದು ಇವುಗಳಲ್ಲಿ ಒಂದು ದಿನದ ತರಬೇತಿ ಕೊಡುವುದು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗೆ ಭಾರವಾಗಲಾರದು. ಕನ್ನಡ, ಉರ್ದು, ಹಿಂದಿಗಳಲ್ಲಿ ಸುರಕ್ಷತಾ ಸೂಚನೆಗಳ ಮಾದರಿಯನ್ನು ಒಮ್ಮೆ ಸಿದ್ಧಪಡಿಸಿದರೆ ಅದು ಎಲ್ಲ ಸದಸ್ಯರಿಗೂ ಒದಗುತ್ತದೆ.

ಹೊರಗಿನ ಫಲಕವನ್ನು ಕಾಯಿದೆಯ ಗಡುವಿಗೆ ಬದಲಿಸಿದ ಉದ್ಯಮಿಗಳು ಒಳಗಿನ ಫಲಕವನ್ನು ಯಾರ ಆದೇಶಕ್ಕೂ ಕಾಯದೆ ಬದಲಿಸಬಹುದು. ಅದಕ್ಕೆ ತಗಲುವ ಖರ್ಚು ಒಂದು ಹಾಳೆ, ನಾಲ್ಕು ಗುಂಡುಸೂಜಿ ಮತ್ತು ಒಬ್ಬ ನಂಬಿಕಸ್ಥನ ಅರ್ಧ ಗಂಟೆ. ನಾಳೆ ಬೆಳಗಿನ ಪಾಳಿಗೆ ಬಾಗಿಲು ತೆರೆದಾಗ ಆ ಹಾಳೆಯ ಮೇಲೆ ಬರೆಯಬೇಕಾದ ನಿಜ ಯಾವುದು ಎಂಬುದನ್ನು ಮಾಲೀಕರು ಇಂದು ರಾತ್ರಿಯೇ ನಿರ್ಧರಿಸಬೇಕು.